ಗೋದಾಮಿನ ಹಿಂದಿನ ಜೀಪು: ಹಳೆಯ ಪೆಟ್ರೋಲ್ ಜೀಪನ್ನು ಅಂಗಳದಲ್ಲೇ ಎಬ್ಬಿಸುವ ಬಗೆ

ಕೊಡಗಿನ ಕಾಫಿ ತೋಟಗಳಲ್ಲಿ ಗೋದಾಮಿನ ಹಿಂದೆಯೋ ಹಳೆಯ ಕೊಟ್ಟಿಗೆಯಲ್ಲೋ ಟಾರ್ಪಾಲು ಹೊದ್ದು ನಿಂತ ಜೀಪೊಂದು ಕಾಣಸಿಗುವುದು ಅಪರೂಪವೇನಲ್ಲ. ಗೊಬ್ಬರ ಹೊತ್ತು, ಕಾಫಿ ಮೂಟೆ ಹೊತ್ತು, ಮದುವೆಗೆ ನೆಂಟರನ್ನು ಹೊತ್ತು, ಕೊನೆಗೊಂದು ಮಳೆಗಾಲದಲ್ಲಿ ಸ್ಟಾರ್ಟ್ ಆಗದೆ ನಿಂತು, ಮುಂದಿನ ವರ್ಷ ನೋಡೋಣ ಎಂಬ ಮಾತಿನಲ್ಲೇ ಹತ್ತು ಹದಿನೈದು ವರ್ಷ ಕಳೆದ ವಾಹನ ಅದು. ನಮ್ಮ ಮನೆಯದು ಹನ್ನೊಂದು ವರ್ಷ ಹಾಗೆ ನಿಂತಿತ್ತು. ಅದನ್ನು ಗ್ಯಾರೇಜಿಗೆ ಎಳೆಸದೆ, ಎರಡು ಬೇಸಿಗೆಗಳಲ್ಲಿ ಕಾಫಿ ಒಣಗಿಸುವ ಕಣದ ಅಂಚಿನಲ್ಲೇ ಬಿಚ್ಚಿ ಜೋಡಿಸಿದಾಗ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಕೆಲಸಕ್ಕೆ ಕೈ ಹಾಕುವ ಮುನ್ನ ಒಂದು ವಿಷಯವನ್ನು ಮನಸ್ಸಿನಲ್ಲಿಡಬೇಕು. ಇಂಥ ಜೀಪಿನ ತೊಂದರೆಗಳಲ್ಲಿ ಓಡಿ ಸವೆದದ್ದರಿಂದ ಬಂದವು ಕಡಿಮೆ. ಹೆಚ್ಚಿನವು ಸುಮ್ಮನೆ ನಿಂತದ್ದರಿಂದ ಬಂದವು, ಇಲ್ಲವೇ ಹಿಂದಿನವರು ಆ ಹೊತ್ತಿಗೆ ಹೇಗೋ ಸಾಗಲಿ ಎಂದು ಹಾಕಿದ ತೇಪೆಗಳಿಂದ ಬಂದವು. ಹಾಗಾಗಿ ಹೊಸ ಭಾಗಗಳನ್ನು ಕೊಂಡು ತರುವ ಅವಸರಕ್ಕಿಂತ, ಇರುವುದನ್ನು ಬಿಚ್ಚಿ ನೋಡುವ ತಾಳ್ಮೆ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಿಮ್ಮದು ಯಾವ ಜೀಪು, ಅದರ ಕಾಗದಪತ್ರ ಹೇಗಿದೆ

ನಮ್ಮ ಕಡೆಯ ಹಳೆಯ ಪೆಟ್ರೋಲ್ ಜೀಪುಗಳಲ್ಲಿ ಹೆಚ್ಚಾಗಿ ಕಾಣುವುದು ಎತ್ತರದ ಬಾನೆಟ್ಟಿನ ಸಿಜೆ-3ಬಿ. ಅಮೆರಿಕದ ವಿಲ್ಲಿಸ್ ಕಂಪನಿ ಅದನ್ನು 1953ರಲ್ಲಿ ಹೊರತಂದಿತು. ಭಾರತದಲ್ಲಿ ಮಹೀಂದ್ರಾ ಅದೇ ಮಾದರಿಯನ್ನು ಪರವಾನಗಿಯ ಮೇಲೆ ದಶಕಗಳ ಕಾಲ ತಯಾರಿಸಿತು. ಬಾನೆಟ್ ಎತ್ತರವಾಗಿರುವುದು ಅಂದಕ್ಕಾಗಿ ಅಲ್ಲ, ಒಳಗಿನ ಎಂಜಿನ್ ಎತ್ತರವಾಗಿರುವುದರಿಂದ. ನಾಲ್ಕು ಸಿಲಿಂಡರಿನ, ಸುಮಾರು 2,200 ಸಿಸಿಯ ಈ ಎಂಜಿನ್ನಿಗೆ ಎಫ್-ಹೆಡ್ ಎಂಬ ಹೆಸರಿದೆ. ಇದರಲ್ಲಿ ಗಾಳಿ-ಪೆಟ್ರೋಲ್ ಒಳಬರುವ ವಾಲ್ವುಗಳು ಮೇಲೆ ಹೆಡ್ಡಿನಲ್ಲಿದ್ದರೆ, ಹೊಗೆ ಹೊರಹೋಗುವ ವಾಲ್ವುಗಳು ಕೆಳಗೆ ಬ್ಲಾಕಿನಲ್ಲಿರುತ್ತವೆ. ಈ ವಿಚಿತ್ರ ಜೋಡಣೆ ಮುಂದೆ ನಮಗೆ ಒಂದು ಕಡೆ ಎದುರಾಗುತ್ತದೆ.

ಮೊದಲ ಅಚ್ಚರಿ ಬಾನೆಟ್ ಎತ್ತಿದಾಗಲೇ ಕಾದಿರಬಹುದು. ಪೆಟ್ರೋಲಿನ ಬೆಲೆ ತಾಳಲಾರದೆ ಮೂಲ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದ ಜೀಪುಗಳು ತೋಟಗಳಲ್ಲಿ ಬೇಕಾದಷ್ಟಿವೆ. ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗು, ಆ ಕಿಡಿಯ ವಿದ್ಯುತ್ತನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬುರೇಟರ್ ಇವೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಈ ಬರಹದ ಪೆಟ್ರೋಲ್ ಮತ್ತು ಕಿಡಿಯ ಭಾಗಗಳು ನಿಮಗೆ ಬೇಡ, ಉಳಿದವು ಬೇಕು.

ಎಂಜಿನ್ ಮತ್ತು ಚಾಸಿಯ ಸಂಖ್ಯೆಗಳನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ಓದಿ, ಆರ್‌ಸಿ ಪುಸ್ತಕದೊಂದಿಗೆ ತಾಳೆ ನೋಡುವ ಕೆಲಸವನ್ನು ಒಂದು ರೂಪಾಯಿ ಖರ್ಚು ಮಾಡುವ ಮೊದಲೇ ಮಾಡಿ ಮುಗಿಸಿ. ಖಾಸಗಿ ವಾಹನದ ನೋಂದಣಿಯ ಅವಧಿ 15 ವರ್ಷ. ಅದಾದ ಮೇಲೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಒಪ್ಪಿಸಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. 2021ರ ಜುಲೈಯಲ್ಲಿ ಬಂದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನಗಳನ್ನು ವಿಂಟೇಜ್ ವಾಹನವಾಗಿಯೂ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕವಿದ್ದು, ಅದು ಹತ್ತು ವರ್ಷಕ್ಕೆ ಸಲ್ಲುತ್ತದೆ. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ದಿನಬಳಕೆಗೆ ಓಡಿಸುವಂತಿಲ್ಲ. ಸಂತೆಗೂ ತೋಟಕ್ಕೂ ಬೇಕಾದ ಜೀಪಿಗೆ ಅದು ಹೊಂದುವ ದಾರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಕಾಲ, ಜಾಗ, ಸಲಕರಣೆ

ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾಗುವ ಫೆಬ್ರವರಿ ಕೊನೆಯಲ್ಲಿ ಆರಂಭಿಸಿ, ಜೂನಿನ ಮಳೆ ಹಿಡಿಯುವ ಮೊದಲು ಜೀಪು ತನ್ನ ಚಕ್ರಗಳ ಮೇಲೆ ನಿಲ್ಲುವಂತೆ ಲೆಕ್ಕ ಹಾಕಿಕೊಳ್ಳಿ. ಉಜ್ಜಿ ಹೊಳಪು ತಂದ ಕಬ್ಬಿಣದ ಮೇಲೆ ಮಳೆಗಾಲದ ಗಾಳಿ ಒಂದೇ ರಾತ್ರಿಯಲ್ಲಿ ಕೆಂಪು ಪುಡಿ ಎಬ್ಬಿಸುತ್ತದೆ. ಜುಲೈ-ಆಗಸ್ಟಿನ ಕಕ್ಕಡದ ಮಳೆಯಲ್ಲಿ ಬ್ರೇಕ್ ಡ್ರಮ್ ಬಿಚ್ಚಿಟ್ಟು ಕೂತವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೂ ಒಂದು ಟಾರ್ಪಾಲು ಕಟ್ಟಿರಲಿ.

ಜಾಗ ಸಮತಟ್ಟಾಗಿರಬೇಕು, ನೆಲ ಗಟ್ಟಿಯಾಗಿರಬೇಕು. ನಮ್ಮ ಜಿಲ್ಲೆಯಲ್ಲಿ ಇವೆರಡೂ ಒಟ್ಟಿಗೆ ಸಿಗುವುದು ಬಹುಮಟ್ಟಿಗೆ ಕಾಫಿ ಕಣದಲ್ಲೇ. ಜಾಕನ್ನು ಎತ್ತುವುದಕ್ಕೆ ಮಾತ್ರ ಬಳಸಿ, ಎತ್ತಿದ ಮೇಲೆ ಚಾಸಿಯ ಕೆಳಗೆ ಕಬ್ಬಿಣದ ಸ್ಟ್ಯಾಂಡುಗಳನ್ನೋ ಅಡ್ಡಡ್ಡ ಪೇರಿಸಿದ ದಪ್ಪ ಮರದ ದಿಮ್ಮಿಗಳನ್ನೋ ಕೊಡಿ. ಕಲ್ಲು ಮತ್ತು ಸಿಮೆಂಟ್ ಇಟ್ಟಿಗೆಗಳು ಭಾರಕ್ಕೆ ಹಠಾತ್ತನೆ ಸಿಡಿಯುವುದರಿಂದ ಅವನ್ನು ದೂರವಿಡಿ.

ಇಲ್ಲಿ ಬಹುಮಂದಿಗೆ ಗೊತ್ತಿಲ್ಲದ ಒಂದು ಅಪಾಯವಿದೆ. ಈ ಜೀಪಿನ ಹ್ಯಾಂಡ್ ಬ್ರೇಕ್ ಚಕ್ರಗಳಿಗೆ ಸೇರಿದ್ದಲ್ಲ. ಟ್ರಾನ್ಸ್‌ಫರ್ ಕೇಸಿನ (ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಹಿಂದೆ, ಆ ಬಲವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಮೇಲಿರುವ ಒಂದು ಸಣ್ಣ ಡ್ರಮ್ಮನ್ನು ಅದು ಹಿಡಿಯುತ್ತದೆ. ಹಿಂದಿನ ಒಂದು ಚಕ್ರವನ್ನು ನೆಲದಿಂದ ಎತ್ತಿದ ಕ್ಷಣ, ಶಾಫ್ಟ್ ನಿಂತಿದ್ದರೂ ಎರಡು ಹಿಂಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ಲಿನ ಮೂಲಕ ಎತ್ತಿದ ಚಕ್ರ ಒಂದು ಕಡೆಗೂ ನೆಲದ ಚಕ್ರ ಇನ್ನೊಂದು ಕಡೆಗೂ ತಿರುಗಬಲ್ಲವು. ಎಂದರೆ ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಜೀಪು ಉರುಳುತ್ತದೆ. ನೆಲದಲ್ಲಿರುವ ಚಕ್ರಗಳಿಗೆ ಹಿಂದೆ ಮುಂದೆ ಮರದ ಅಡ್ಡೆ ಕೊಡದೆ ಜಾಕ್ ಮುಟ್ಟಬೇಡಿ.

ಸ್ಪ್ಯಾನರುಗಳ ವಿಷಯಕ್ಕೆ ಬಂದರೆ, ಈ ಜೀಪಿನದು ಅಂಗುಲದ ಲೆಕ್ಕ. 7/16, 1/2, 9/16, 5/8, 3/4 ಅಂಗುಲದ ರಿಂಗ್ ಸ್ಪ್ಯಾನರುಗಳ ಸೆಟ್ ಒಂದನ್ನು ಕೊಳ್ಳಿ. ಮುಕ್ಕಾಲಂಗುಲದ ನಟ್ಟಿಗೆ 19 ಮಿ.ಮೀ. ಸ್ಪ್ಯಾನರ್ ಸರಿಯಾಗಿ ಕೂರುತ್ತದೆ, ಆದರೆ 9/16ರ ಬೋಲ್ಟಿಗೆ 14 ಹೋಗುವುದಿಲ್ಲ, 15 ಜಾರಿ ಮೂಲೆಗಳನ್ನು ಸವೆಸುತ್ತದೆ. ಸಾಲದ್ದಕ್ಕೆ, ಯಾವುದೋ ಕಾಲದಲ್ಲಿ ಮೂಲ ಬೋಲ್ಟ್ ಕಳೆದುಹೋಗಿ ಮಿಲಿಮೀಟರಿನ ಬೋಲ್ಟನ್ನು ಅದೇ ತೂತಿಗೆ ಬಲವಂತವಾಗಿ ತಿರುಗಿಸಿಟ್ಟಿರುವುದೂ ಉಂಟು. ಬಿಚ್ಚಿದ ಪ್ರತಿಯೊಂದು ಬೋಲ್ಟನ್ನೂ ಅದು ಬಂದ ಜಾಗದ ಹೆಸರು ಬರೆದ ಡಬ್ಬಿಗೆ ಹಾಕಿ, ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಚಿತ್ರ ತೆಗೆಯಿರಿ. ಇವಲ್ಲದೆ ಸಣ್ಣ ಅಂತರಗಳನ್ನು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್, ಗ್ರೀಸ್ ಗನ್, 12 ವೋಲ್ಟಿನ ಬಲ್ಬಿಗೆ ಎರಡು ತಂತಿ ಸೇರಿಸಿದ ಟೆಸ್ಟ್ ಲ್ಯಾಂಪ್ ಇದ್ದರೆ ಮುಕ್ಕಾಲು ಪಾಲು ಕೆಲಸ ನಡೆಯುತ್ತದೆ.

ತುಕ್ಕು ಹಿಡಿದ ನಟ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಮರುದಿನ ಬಿಚ್ಚುವ ದಿಕ್ಕಿಗಿಂತ ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಸಡಿಲಿಸಿ. ಚಕ್ರದ ನಟ್ಟುಗಳಲ್ಲಿ ಒಂದು ಎಚ್ಚರವಿರಲಿ. ಹಳೆಯ ಜೀಪುಗಳಲ್ಲಿ ಎಡಬದಿಯ ಚಕ್ರಗಳ ನಟ್ಟುಗಳಿಗೆ ಉಲ್ಟಾ ಮರೆ ಇರುತ್ತದೆ; ಅವು ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತವೆ. ಇದನ್ನು ತಿಳಿಯದೆ ನಾನು ಪೈಪ್ ಹಾಕಿ ಅದರ ಮೇಲೆ ನಿಂತು ಎರಡು ಸ್ಟಡ್ಡುಗಳನ್ನು ಮುರಿದೆ. ಆಗ ನೋಡಲು ಬಂದ ಹಳೆಯ ಮೇಸ್ತ್ರಿಯೊಬ್ಬರು ನಕ್ಕು, "ಅದು ಬಿಗಿಯಾಗಿರಲಿಲ್ಲ ಮಾರಾಯ್ರೇ, ನೀವೇ ಬಿಗಿ ಮಾಡುತ್ತಿದ್ದಿರಿ" ಎಂದರು.

ಎಂಜಿನ್ ತಿರುಗುತ್ತದೆಯೇ?

ಬ್ಯಾಟರಿ ಕೊಟ್ಟು ಸೆಲ್ಫ್ ಒತ್ತುವ ಆಸೆಯನ್ನು ತಡೆದುಕೊಳ್ಳಿ. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ಅಂಟಿಕೊಂಡಿರುತ್ತವೆ, ಬಲವಂತದಿಂದ ತಿರುಗಿಸಿದರೆ ಅವು ಮುರಿಯುತ್ತವೆ. ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿ ತೂತಿನಲ್ಲೂ ಎರಡು ಮೂರು ಚಮಚ ತೆಳುವಾದ ಎಣ್ಣೆ ಬಿಟ್ಟು ಬಟ್ಟೆ ಮುಚ್ಚಿ. ಡೀಸೆಲ್ ಬೆರೆಸಿದ ಪವರ್ ಸ್ಟೀರಿಂಗಿನ ಕೆಂಪು ಎಣ್ಣೆ ನನಗೆ ಚೆನ್ನಾಗಿ ಒದಗಿತು. ಮೂರು ದಿನ ಬಿಟ್ಟು, ಗೇರನ್ನು ನ್ಯೂಟ್ರಲ್ಲಿಗೆ ತಂದು, ಮುಂದಿನ ಬಂಪರಿನ ತೂತಿನಿಂದ ಹ್ಯಾಂಡಲ್ ತೂರಿಸಿ, ನಿಧಾನವಾಗಿ ಅಲ್ಲಾಡಿಸಿ. ತಿರುಗದಿದ್ದರೆ ಇನ್ನಷ್ಟು ಎಣ್ಣೆ, ಇನ್ನೊಂದು ವಾರ. ಟ್ರ್ಯಾಕ್ಟರಿಗೆ ಕಟ್ಟಿ ಗೇರಿನಲ್ಲಿ ಎಳೆಯಿರಿ ಎಂದು ಯಾರಾದರೂ ಖಂಡಿತ ಹೇಳುತ್ತಾರೆ. ಅವರಿಗೆ ಕಾಫಿ ಕೊಟ್ಟು ಕಳುಹಿಸಿ.

ನಮ್ಮ ಜೀಪು ಒಂಬತ್ತನೆಯ ದಿನ ಕಾಲಿಂಚು ಸರಿಯಿತು. ಆ ಕಾಲಿಂಚು ಕೊಟ್ಟ ಸಂತೋಷ ಮುಂದೆ ಎಂಜಿನ್ ಸ್ಟಾರ್ಟ್ ಆದಾಗಲೂ ಬರಲಿಲ್ಲ.

ಎಂಜಿನ್ ಸರಾಗವಾಗಿ ತಿರುಗಿದ ಮೇಲೆ ಪ್ಲಗ್ಗಿನ ತೂತುಗಳಿಗೆ ಒಂದೊಂದಾಗಿ ಹೆಬ್ಬೆರಳು ಒತ್ತಿ, ಇನ್ನೊಬ್ಬರಿಂದ ಹ್ಯಾಂಡಲ್ ತಿರುಗಿಸಿ. ಬೆರಳನ್ನು ತಳ್ಳುವ ಗಾಳಿ ಒಂದು ಸಿಲಿಂಡರಿನಲ್ಲಿ ಮಾತ್ರ ಇಲ್ಲವಾದರೆ ಕೂಡಲೇ ಎಂಜಿನ್ ಇಳಿಸುವ ಯೋಚನೆ ಬೇಡ. ಎಫ್-ಹೆಡ್ಡಿನ ಹೊಗೆಯ ವಾಲ್ವು ಬ್ಲಾಕಿನಲ್ಲಿದೆ ಎಂದೆನಲ್ಲ, ಅದು ತೆರೆದ ಸ್ಥಿತಿಯಲ್ಲಿ ತುಕ್ಕಿಗೆ ಅಂಟಿ ನಿಂತಿರುವ ಸಾಧ್ಯತೆ ಹೆಚ್ಚು. ಬ್ಲಾಕಿನ ಬದಿಯಲ್ಲಿರುವ ತಗಡಿನ ಮುಚ್ಚಳ ತೆಗೆದರೆ ವಾಲ್ವುಗಳ ಸ್ಪ್ರಿಂಗುಗಳು ಕಾಣುತ್ತವೆ. ಅಂಟಿದ ವಾಲ್ವಿನ ದಂಡಿಗೆ ಎಣ್ಣೆ ಬಿಟ್ಟು, ಮರದ ತುಂಡಿನ ಆಸರೆಯಲ್ಲಿ ಮೆಲ್ಲನೆ ತಟ್ಟುತ್ತಾ ಕೆಳಗಿಳಿಸಬಹುದು. ಹಾಗೆಯೇ ಟ್ಯಾಪೆಟ್ ಅಂತರವನ್ನೂ, ಎಂದರೆ ಮುಚ್ಚಿದ ವಾಲ್ವಿಗೂ ಅದನ್ನು ತಳ್ಳುವ ಭಾಗಕ್ಕೂ ನಡುವಿನ ಸಂದನ್ನೂ ಅಳೆದುಬಿಡಿ. ತಣ್ಣಗಿರುವಾಗ ಒಳವಾಲ್ವಿಗೆ 0.018 ಅಂಗುಲ, ಹೊರವಾಲ್ವಿಗೆ 0.016 ಅಂಗುಲ ಇರಬೇಕು. ಹಳೆಯ ಎಣ್ಣೆ ಸುರಿದು, ಚೇಂಬರ್ ತೊಳೆದು, ಹೊಸ ಎಣ್ಣೆ ತುಂಬಿಸುವುದೂ ಈ ಹಂತದಲ್ಲೇ ಆಗಲಿ. ಪ್ಲಗ್ಗುಗಳಿಲ್ಲದೆ ತಿರುಗಿಸಿದರೆ ಎಂಜಿನ್ನಿಗೆ ಭಾರ ಬೀಳದೆ ಎಣ್ಣೆ ಬೇರಿಂಗುಗಳಿಗೆ ಏರುತ್ತದೆ.

ಸ್ಟಾರ್ಟ್ ಮಾಡುವ ಮೊದಲು ಬ್ರೇಕ್

ಎಂಜಿನ್ ತಿರುಗಿತು ಎಂದಾಕ್ಷಣ ಎಲ್ಲರಿಗೂ ಅದರ ಸದ್ದು ಕೇಳುವ ತವಕ. ನಾನೂ ಅದೇ ತಪ್ಪು ಮಾಡಿದೆ: ಮೊದಲು ಸ್ಟಾರ್ಟ್ ಮಾಡಿದೆ, ಉತ್ಸಾಹದಲ್ಲಿ ಕಣದ ಒಂದು ಸುತ್ತು ಹಾಕಲು ಹೊರಟೆ, ಇಳಿಜಾರಿನ ಅಂಚಿನಲ್ಲಿ ಪೆಡಲ್ ತುಳಿದಾಗ ಕಾಲು ತಗಡಿಗೆ ತಾಗಿತು. ಸೌದೆಯ ರಾಶಿ ಜೀಪನ್ನು ನಿಲ್ಲಿಸಿತು. ಅದಿಲ್ಲದಿದ್ದರೆ ಸಿಲ್ವರ್ ಓಕ್ ಮರವೇ ಗತಿಯಾಗಿತ್ತು. ಆದ್ದರಿಂದ ಈ ಕೆಲಸವನ್ನು ಪೆಟ್ರೋಲಿನ ಹನಿ ಟ್ಯಾಂಕಿಗೆ ಬೀಳುವ ಮೊದಲೇ ಇಟ್ಟಿದ್ದೇನೆ.

ಸಿಜೆ-3ಬಿಯಲ್ಲಿ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್, ನಾಲ್ಕಕ್ಕೂ ಸೇರಿ ಒಂದೇ ಎಣ್ಣೆಯ ಮಾರ್ಗ. ಇಂದಿನ ಕಾರುಗಳಲ್ಲಿ ಒಂದು ಮಾರ್ಗ ಸೋರಿದರೆ ಇನ್ನೊಂದು ಕೈ ಹಿಡಿಯುತ್ತದೆ. ಇಲ್ಲಿ ಎಲ್ಲೇ ಒಂದು ಪೈಪ್ ಒಡೆದರೂ ಪೂರ್ತಿ ಬ್ರೇಕ್ ಹೋಗುತ್ತದೆ. ಅದಕ್ಕೇ ಅರೆಬರೆ ರಿಪೇರಿಗೆ ಇಲ್ಲಿ ಅವಕಾಶವಿಲ್ಲ. ಪೆಡಲ್ ಒತ್ತಿದಾಗ ಎಣ್ಣೆಯನ್ನು ತಳ್ಳುವ ಮಾಸ್ಟರ್ ಸಿಲಿಂಡರ್, ಆ ಒತ್ತಡದಿಂದ ಚಕ್ರದಲ್ಲಿ ಬ್ರೇಕ್ ಹಿಡಿಸುವ ಎಲ್ಲ ವೀಲ್ ಸಿಲಿಂಡರುಗಳ ರಬ್ಬರುಗಳು, ರಬ್ಬರ್ ಹೋಸುಗಳು, ಲೋಹದ ಪೈಪುಗಳು ಎಲ್ಲವನ್ನೂ ಒಂದೇ ಸಲ ನೋಡಬೇಕು.

ಡ್ರಮ್ ತೆಗೆಯುವ ಮೊದಲು ಅಡ್ಜಸ್ಟರನ್ನು ಹಿಂದಕ್ಕೆ ತಿರುಗಿಸಿ, ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಶೂಗಳನ್ನು ಒಳಗೆ ಸರಿಸಿ, ಇಲ್ಲದಿದ್ದರೆ ಸವೆದ ಡ್ರಮ್ಮಿನ ತುಟಿ ಅವನ್ನು ಬಿಡುವುದಿಲ್ಲ. ಒಳಗಿನ ಪುಡಿಯನ್ನು ಬಾಯಿಂದಲೋ ಕಂಪ್ರೆಸರಿನಿಂದಲೋ ಊದಲೇಬೇಡಿ. ಶೂಗಳ ಮೇಲಿನ ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಸೇರಿದರೆ ಮತ್ತೆ ಹೊರಬರುವುದಿಲ್ಲ. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಿ.

ವೀಲ್ ಸಿಲಿಂಡರಿನೊಳಗೆ ಕಾಣುವುದು ಕೊಡಗಿನ ಹವೆಯ ಕೈವಾಡ. ಬ್ರೇಕ್ ಎಣ್ಣೆಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಆ ನೀರು ಸಿಲಿಂಡರಿನ ತಳದಲ್ಲಿ ನಿಂತು ಕಬ್ಬಿಣವನ್ನು ತಿನ್ನುತ್ತದೆ, ಪಿಸ್ಟನ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಒಳಮೈ ಬರೀ ಮಬ್ಬಾಗಿದ್ದರೆ ನಯವಾದ ಎಮೆರಿ ಕಾಗದದಿಂದ ಸುತ್ತಲೂ ಉಜ್ಜಿ ಬಳಸಬಹುದು. ಉಗುರಿಗೆ ಸಿಗುವಷ್ಟು ಕುಳಿ ಬಿದ್ದಿದ್ದರೆ ಹೊಸ ಸಿಲಿಂಡರ್ ಹಾಕುವುದೇ ಸರಿ. ಈ ಭಾಗಗಳು ಈಗಲೂ ದುಬಾರಿಯಲ್ಲ. ಗೋಣಿಕೊಪ್ಪ, ಕುಶಾಲನಗರದ ಅಂಗಡಿಗಳಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಹುಡುಕಬಹುದು. ಹಳೆಯ ತುಂಡನ್ನು ಜೊತೆಗೆ ಒಯ್ಯಿರಿ, ಬರೀ ಹೆಸರು ಹೇಳಿ ತಂದ ಭಾಗ ಹೊಂದದೆ ಹೋಗುವುದೇ ಹೆಚ್ಚು. ರಬ್ಬರುಗಳನ್ನು ಪೆಟ್ರೋಲ್, ಡೀಸೆಲ್, ಎಂಜಿನ್ ಎಣ್ಣೆ ಯಾವುದರಲ್ಲೂ ತೊಳೆಯಬೇಡಿ. ಅವು ಊದಿಕೊಂಡು ಸಿಲಿಂಡರಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಹೊಸ ಬ್ರೇಕ್ ಎಣ್ಣೆಯಲ್ಲೇ ಅದ್ದಿ ಜೋಡಿಸಿ.

ನಮ್ಮ ಜೀಪಿನ ಅತಿ ದೊಡ್ಡ ಅಚ್ಚರಿ ಸಿಕ್ಕಿದ್ದು ಇಲ್ಲಿಯೇ. ಹಿಂದಿನ ಎಡಚಕ್ರದ ಸಿಲಿಂಡರಿನಲ್ಲಿ ಎಣ್ಣೆಯ ಕುರುಹೇ ಇರಲಿಲ್ಲ. ಪೈಪ್ ಹಿಡಿದು ಹಿಂದಕ್ಕೆ ಹುಡುಕುತ್ತಾ ಹೋದರೆ, ಆಕ್ಸಲ್ ಪಕ್ಕದಲ್ಲಿ ಅದನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ, ಎರಡು ಸಲ ಮಡಚಿ, ಮತ್ತೆ ಚಪ್ಪಟೆ ಮಾಡಿದ್ದರು. ಆ ಸಿಲಿಂಡರ್ ಸೋರತೊಡಗಿದಾಗ ಯಾರೋ ಕೊಯ್ಲಿನ ಅವಸರದಲ್ಲಿ ಆ ಚಕ್ರದ ಬ್ರೇಕನ್ನೇ ಮುಚ್ಚಿಬಿಟ್ಟಿದ್ದರು. ಜೀಪು ಬಲಕ್ಕೆ ಎಳೆಯುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಸ್ಟೀರಿಂಗನ್ನು ಎರಡು ಸಲ ಬಿಚ್ಚಿಸಿದ್ದರಂತೆ. ಕಾರಣ ಅಷ್ಟು ವರ್ಷ ಆಕ್ಸಲ್ ಮೇಲೆ ಮಣ್ಣಿನಡಿ ಮಡಚಿಕೊಂಡು ಕೂತಿತ್ತು.

ಪೈಪುಗಳನ್ನು ಬದಲಿಸುವಾಗ ಫ್ರಿಜ್ಜಿಗೆ ಬಳಸುವ ಸಾದಾ ತಾಮ್ರದ ಪೈಪ್ ಬೇಡ, ಅದು ಅದುರಿಗೆ ಬಿರುಕು ಬಿಡುತ್ತದೆ. ಬ್ರೇಕಿಗೆಂದೇ ಬರುವ ಉಕ್ಕಿನ ಪೈಪನ್ನು ತುದಿ ಎರಡು ಮಡಿಕೆಯಾಗಿ ಅರಳಿಸಿ ಹಾಕಬೇಕು. ಈ ಒಂದು ಕೆಲಸವನ್ನು ಸಲಕರಣೆ ಇರುವ ಗ್ಯಾರೇಜಿನಲ್ಲಿ ಮಾಡಿಸಿದರೆ ನಾಚಿಕೆಯಿಲ್ಲ.

ಬ್ರೇಕ್ ಎಣ್ಣೆ ಡಾಟ್ 3 ದರ್ಜೆಯದಿರಲಿ, ಡಾಟ್ 4 ಆದರೆ ಇನ್ನೂ ಒಳ್ಳೆಯದು. ಹೊಸ ಡಾಟ್ 3 ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯುವುದಿಲ್ಲ. ತೇವ ಹೀರಿದ ಎಣ್ಣೆಗೆ ನಿಗದಿಯಾದ ಮಿತಿ 140 ಡಿಗ್ರಿ ಮಾತ್ರ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಿಂದ ಸಂಪಾಜೆಗೋ, ವಿರಾಜಪೇಟೆಯಿಂದ ಮಾಕುಟ್ಟಕ್ಕೋ ಬ್ರೇಕ್ ತುಳಿಯುತ್ತಲೇ ಇಳಿದರೆ ಡ್ರಮ್ಮಿನ ಬಿಸಿ ಎಣ್ಣೆಗೆ ತಾಗಿ, ನೀರು ಸೇರಿದ ಎಣ್ಣೆ ಕುದಿದು ಆವಿಯಾಗುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ಕೆಳಗಿಳಿಯುತ್ತದೆ, ಚಕ್ರಕ್ಕೆ ಬಲ ತಲುಪುವುದಿಲ್ಲ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸುವುದು ನಮ್ಮ ಜಿಲ್ಲೆಯಲ್ಲಿ ಶೋಕಿಯಲ್ಲ.

ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿಯ ತಗಡಿನ ಕೆಳಗಿದೆ. ಮುಚ್ಚಳ ತೆಗೆಯುವ ಮೊದಲು ಸುತ್ತಲಿನ ಮಣ್ಣನ್ನು ಬ್ರಷ್ಷಿನಿಂದ ತೆಗೆದು ಒರೆಸಿ, ಇಲ್ಲದಿದ್ದರೆ ಅಷ್ಟೂ ಒಳಗೆ ಬೀಳುತ್ತದೆ. ಪೈಪುಗಳೊಳಗೆ ಸೇರಿದ ಗಾಳಿ ತೆಗೆಯುವುದನ್ನು ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭಿಸಿ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ವೀಲ್ ಸಿಲಿಂಡರಿನಿಂದ ಗಾಳಿ ಬಿಡುವ ಸಣ್ಣ ಸ್ಕ್ರೂ ಆದ ಬ್ಲೀಡರಿಗೆ ರಬ್ಬರ್ ನಳಿಕೆ ಸಿಕ್ಕಿಸಿ, ಅದರ ತುದಿ ಎಣ್ಣೆಯಿರುವ ಬಾಟಲಿಯಲ್ಲಿ ಮುಳುಗಿರಲಿ. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ಬ್ಲೀಡರ್ ಸಡಿಲಿಸಬೇಕು, ಬಿಗಿದ ಮೇಲೆಯೇ ಕಾಲು ಎತ್ತಬೇಕು. ನನಗೆ ಒತ್ತಿಕೊಟ್ಟವಳು ಅಣ್ಣನ ಮಗಳು. ನಲವತ್ತು ಸಲವಾದರೂ "ಒತ್ತು, ಹಿಡಿ, ಬಿಡು" ಆದ ಮೇಲೆ ಅವಳೇ, "ಚಿಕ್ಕಪ್ಪಾ, ಈಗ ಕಲ್ಲು ತುಳಿದ ಹಾಗಿದೆ" ಎಂದಳು. ಅಳತೆಗೆ ಅದಕ್ಕಿಂತ ಒಳ್ಳೆಯ ಮಾತಿಲ್ಲ. ಆದರೂ ಪೆಡಲಿನ ಮೊದಲ ಅರ್ಧ ಅಂಗುಲ ಸಡಿಲವಾಗಿಯೇ ಚಲಿಸಬೇಕು. ಆ ಸಡಿಲವಿಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನೊಳಗಿನ ಸಣ್ಣ ತೂತು ಮುಚ್ಚಿಕೊಂಡು ಎಣ್ಣೆ ಹಿಂದಿರುಗದೆ, ಸ್ವಲ್ಪ ದೂರ ಓಡುವಷ್ಟರಲ್ಲಿ ನಾಲ್ಕೂ ಚಕ್ರ ತಾವಾಗಿಯೇ ಹಿಡಿದುಕೊಳ್ಳುತ್ತವೆ.

ಪೆಟ್ರೋಲಿನ ದಾರಿ

ಟ್ಯಾಂಕ್ ಚಾಲಕನ ಸೀಟಿನ ಕೆಳಗಿದೆ. ಅದನ್ನು ಇಳಿಸಿ, ಹಳಸಿ ವಾರ್ನಿಷಿನಂತಾದ ಪೆಟ್ರೋಲನ್ನು ಸುರಿದು, ಒಳಗೆ ಒಂದು ಹಿಡಿ ಸಣ್ಣ ಜಲ್ಲಿ ಮತ್ತು ಸೋಪಿನ ನೀರು ಹಾಕಿ ಕುಲುಕಿ, ತುಕ್ಕು ಬಿಡುವ ತನಕ ತೊಳೆದು, ಬಿಸಿಲಿನಲ್ಲಿ ಎರಡು ದಿನ ಒಣಗಿಸಿ. ಖಾಲಿ ಟ್ಯಾಂಕಿಗೆ ಬೆಸುಗೆ ಹಾಕುವ ಸಾಹಸ ಮನೆಯಲ್ಲಿ ಬೇಡವೇ ಬೇಡ, ಉಳಿದ ಆವಿಯೇ ಸಿಡಿಯಲು ಸಾಕು. ಟ್ಯಾಂಕಿನ ಗಾಳಿಯ ದಾರಿಯಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿರಬಹುದು. ಅದು ಮುಚ್ಚಿದ್ದರೆ ಜೀಪು ಎರಡು ಮೈಲಿ ಓಡಿ ನಿಲ್ಲುತ್ತದೆ, ಹತ್ತು ನಿಮಿಷ ಬಿಟ್ಟರೆ ಮತ್ತೆ ಓಡುತ್ತದೆ.

ಈಗಿನ ಪೆಟ್ರೋಲಿನಲ್ಲಿ ಶೇಕಡ 20ರ ವರೆಗೆ ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಹೋಸುಗಳೂ ಪೆಟ್ರೋಲ್ ಪಂಪಿನ ಡಯಾಫ್ರಮ್ಮೂ ಮೆತ್ತಗಾಗಿ ಸೋರುತ್ತವೆ. ಎಥನಾಲ್ ತಡೆಯುವ ಹೋಸು ಮತ್ತು ಡಯಾಫ್ರಮ್ ಕೇಳಿ ತನ್ನಿ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲನ್ನು ತಿಂಗಳುಗಟ್ಟಲೆ ಉಳಿಸಬೇಡಿ.

ಈ ಎಂಜಿನ್ನಿನಲ್ಲಿ ಕಾರ್ಬುರೇಟರ್ ನೇರವಾಗಿ ಹೆಡ್ಡಿನ ಮೇಲೆಯೇ ಕೂರುತ್ತದೆ, ಒಳದಾರಿ ಹೆಡ್ಡಿನೊಳಗೇ ಎರಕವಾಗಿದೆ. ಬಿಚ್ಚಿದ ಕೂಡಲೇ ಆ ತೂತಿಗೆ ಬಟ್ಟೆ ತುರುಕಿ. ಕೈತಪ್ಪಿದ ಒಂದು ಸ್ಕ್ರೂ ಒಳಗೆ ಬಿದ್ದರೆ ಹೆಡ್ ಬಿಚ್ಚಬೇಕಾದೀತು. ಕಾರ್ಬುರೇಟರಿನ ಜೆಟ್ಟುಗಳನ್ನು ಕ್ಲೀನರ್ ಸಿಂಪಡಿಸಿ ಊದಿ ಶುಚಿ ಮಾಡಿ, ತಂತಿ ತೂರಿಸಬೇಡಿ. ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿ. ಒಳಗೆ ಪೆಟ್ರೋಲ್ ಕುಲುಕಿದ ಸದ್ದಾದರೆ ಅದು ತೂತು. ಏರ್ ಕ್ಲೀನರ್ ಎಣ್ಣೆಯ ಬೋಗುಣಿಯುಳ್ಳ ಹಳೆಯ ಬಗೆಯದು. ನಮ್ಮದರಲ್ಲಿ ಎಣ್ಣೆಯ ಬದಲು ಇಲಿಯ ಗೂಡೂ ಅರ್ಧ ಬುಟ್ಟಿ ಕಾಫಿ ಸಿಪ್ಪೆಯೂ ಸಿಕ್ಕವು.

ಕಿಡಿ

ನಿಂತ ಪೆಟ್ರೋಲ್ ಜೀಪು ಸ್ಟಾರ್ಟ್ ಆಗದಿರಲು ಅತಿ ಸಾಮಾನ್ಯ ಕಾರಣವೂ ಅತಿ ಅಗ್ಗದ ಕಾರಣವೂ ಒಂದೇ: ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುತ್ತಾ ಕಿಡಿ ಎಬ್ಬಿಸುವ ಪಾಯಿಂಟಿನ ಮೇಲೆ ಹಿಡಿದ ಕಿಲುಬು. ಬೂದು ಬಣ್ಣದ ಆ ತೆಳುಪದರವನ್ನು ನಯವಾದ ಎಮೆರಿಯಿಂದ ಉಜ್ಜಿ, ಶುಚಿಯಾದ ಕಾಗದವನ್ನು ನಡುವೆ ಎಳೆದು ಪುಡಿ ತೆಗೆಯಿರಿ. ಪಾಯಿಂಟ್ ಪೂರ್ತಿ ತೆರೆದಾಗ ಅಂತರ 0.020 ಅಂಗುಲ, ಎಂದರೆ ಸುಮಾರು ಅರ್ಧ ಮಿಲಿಮೀಟರ್. ಪ್ಲಗ್ಗಿನ ಅಂತರ 0.030 ಅಂಗುಲ. ಪಾಯಿಂಟ್ ಪದೇ ಪದೇ ಸುಟ್ಟು ಕಪ್ಪಾಗುತ್ತಿದ್ದರೆ ಕಂಡೆನ್ಸರ್ ಕೆಟ್ಟಿದೆ ಎಂದು ತಿಳಿಯಿರಿ.

ಕಿಡಿ ಹಾರುವ ಕ್ರಮ 1-3-4-2. ವೈರುಗಳನ್ನು ಕೀಳುವ ಮೊದಲು ಪ್ರತಿಯೊಂದಕ್ಕೂ ಬಣ್ಣದ ದಾರ ಕಟ್ಟಿ. ಟೈಮಿಂಗ್, ಎಂದರೆ ಕಿಡಿ ಹಾರುವ ಗಳಿಗೆ, ನೋಡಲು ಟೆಸ್ಟ್ ಲ್ಯಾಂಪಿನ ಒಂದು ತಂತಿಯನ್ನು ಡಿಸ್ಟ್ರಿಬ್ಯೂಟರಿನ ಟರ್ಮಿನಲ್ಲಿಗೂ ಇನ್ನೊಂದನ್ನು ಬ್ಲಾಕಿಗೂ ತಾಗಿಸಿ, ಚಾವಿ ಆನ್ ಮಾಡಿ, ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಪಾಯಿಂಟ್ ತೆರೆಯುವ ಗಳಿಗೆಯಲ್ಲಿ ಬಲ್ಬ್ ಹೊತ್ತುತ್ತದೆ. ಒಂದನೆಯ ಸಿಲಿಂಡರಿನ ಪಿಸ್ಟನ್ ತುತ್ತತುದಿಗೆ ಬರಲು ಐದು ಡಿಗ್ರಿ ಇರುವಾಗ ಅದು ಹೊತ್ತುವಂತೆ ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಬಿಗಿಯಿರಿ. ನೋಡಿ ಮುಗಿದ ಕೂಡಲೇ ಚಾವಿ ಆಫ್ ಮಾಡಿ, ಇಲ್ಲದಿದ್ದರೆ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್ ಕಾದು ಕೆಡುತ್ತದೆ.

ವೈರಿಂಗಿನ ಬಗ್ಗೆ ಎರಡೇ ಮಾತು. ಬಹಳ ಹಳೆಯ ಜೀಪುಗಳು 6 ವೋಲ್ಟಿನವು, ಮುಂದಿನವು 12 ವೋಲ್ಟಿನವು, ನಡುವೆ ಯಾರೋ ಬದಲಿಸಿದವೂ ಇವೆ. ಬ್ಯಾಟರಿ ಕೊಡುವ ಮೊದಲು ಕಾಯಿಲ್ ಮತ್ತು ಬಲ್ಬುಗಳ ಮೇಲಿನ ಅಂಕೆ ಓದಿ. ಇಲಿ ಕಡಿದ ವೈರಿಗೆ ಟೇಪ್ ಸುತ್ತಬೇಡಿ, ಆ ಎಳೆಯನ್ನೇ ಬದಲಿಸಿ, ಬ್ಯಾಟರಿಯ ಹತ್ತಿರ ಒಂದು ಫ್ಯೂಸ್ ಸೇರಿಸಿ, ಅರ್ತಿಂಗ್ ವೈರು ಚಾಸಿಗೆ ಸೇರುವಲ್ಲಿ ಬಣ್ಣ ಕೆರೆದು ಬಿಗಿಯಿರಿ. ಮಿಣುಕುವ ದೀಪಗಳಲ್ಲಿ ಬಹುಪಾಲು ಅಷ್ಟಕ್ಕೇ ಸರಿಹೋಗುತ್ತವೆ.

ಮೊದಲ ಸ್ಟಾರ್ಟ್, ಮೊದಲ ಓಟ

ರೇಡಿಯೇಟರಿಗೆ ನೀರು ತುಂಬಿಸಿ, ಕೆಳಗಿನ ನಲ್ಲಿ ತೆರೆದು ಬರುವ ನೀರು ತಿಳಿಯಾಗುವ ತನಕ ಹಾಯಿಸಿ. ನಲ್ಲಿ ತೆರೆದರೂ ನೀರು ಬಾರದಿದ್ದರೆ ಕೆಸರು ಕಟ್ಟಿದೆ, ತಂತಿಯಿಂದ ಚುಚ್ಚಿ. ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟುಕುವಲ್ಲಿರಲಿ. ಹ್ಯಾಂಡಲಿನಿಂದ ಸ್ಟಾರ್ಟ್ ಮಾಡುವವರು ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಮಾತ್ರ ಎಳೆಯಬೇಕು. ಮೇಲಿನಿಂದ ಕೆಳಕ್ಕೆ ಒತ್ತುವಾಗ ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತದೆ.

ಸ್ಟಾರ್ಟ್ ಆದ ಕೂಡಲೇ ಕಣ್ಣು ಹೊಗೆಯ ಕಡೆಗಲ್ಲ, ಎಣ್ಣೆಯ ಒತ್ತಡ ತೋರಿಸುವ ಆಯಿಲ್ ಮೀಟರಿನ ಕಡೆಗಿರಲಿ. ಹತ್ತು ಸೆಕೆಂಡಿನಲ್ಲಿ ಮುಳ್ಳು ಏಳದಿದ್ದರೆ ಆಫ್ ಮಾಡಿ. ಮೊದಲು ಬರುವ ದಟ್ಟ ಹೊಗೆ ನೀವೇ ಸಿಲಿಂಡರಿಗೆ ಬಿಟ್ಟ ಎಣ್ಣೆಯದು. ಕಾಲು ಗಂಟೆಯಾದರೂ ನೀಲಿ ಹೊಗೆ ನಿಲ್ಲದಿದ್ದರೆ ಮಾತ್ರ ರಿಂಗುಗಳ ಬಗ್ಗೆ ಯೋಚಿಸಿ. ಕ್ಲಚ್ ಒತ್ತಿದರೂ ಗೇರ್ ಕಿರುಚುತ್ತಿದ್ದರೆ ಪ್ಲೇಟ್ ತುಕ್ಕಿಗೆ ಅಂಟಿದೆ. ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ, ಬಯಲು ಜಾಗದಲ್ಲಿ ಗೇರಿಗೆ ಹಾಕಿ ಸೆಲ್ಫ್ ಒತ್ತಿ, ಕ್ಲಚ್ ತುಳಿದುಕೊಂಡೇ ಒಮ್ಮೆ ಬ್ರೇಕ್ ಒತ್ತಿ ಬಿಟ್ಟರೆ ಬಹಳ ಸಲ ಬಿಡಿಸಿಕೊಳ್ಳುತ್ತದೆ.

ಗೇರುಗಳು ಮೂರೇ, ಒಂದನೆಯದಕ್ಕೆ ಜೀಪು ನಿಂತ ಮೇಲೆಯೇ ಹಾಕಬೇಕು, ಓಡುವಾಗ ಹಾಕಿದರೆ ಹಲ್ಲು ಕಿರುಚುತ್ತವೆ. ಹಾಗಾಗಿ ಇಳಿಜಾರು ಶುರುವಾಗುವ ಮೊದಲೇ ತಗ್ಗಿನ ಗೇರಿಗೆ ಬರುವ ಅಭ್ಯಾಸ ಮಾಡಿಕೊಳ್ಳಿ. ಮಾಂದಲ್‌ಪಟ್ಟಿಯ ದಾರಿಯಲ್ಲಿ ಪ್ರವಾಸಿಗರನ್ನು ಹೊತ್ತು ಇಳಿಯುವ ಜೀಪಿನವರನ್ನು ಗಮನಿಸಿ: ಅನುಭವಸ್ಥರು ಎಂಜಿನ್ನಿನ ಹಿಡಿತದಲ್ಲೇ ಇಳಿಯುತ್ತಾರೆ, ಬ್ರೇಕನ್ನು ತಿರುವಿಗೆಂದು ಉಳಿಸಿಕೊಳ್ಳುತ್ತಾರೆ. ಮೊದಲ ವಾರ ತೋಟದೊಳಗೆ ಮಾತ್ರ ಓಡಿಸಿ, ಪ್ರತಿ ಸಲ ಬಂದು ನಿಂತಾಗ ನಾಲ್ಕೂ ಡ್ರಮ್ಮುಗಳನ್ನು ಕೈಯಿಂದ ಮುಟ್ಟಿ ನೋಡಿ. ಒಂದು ಮಾತ್ರ ಸುಡುತ್ತಿದ್ದರೆ ಅದರ ಶೂ ಎಳೆಯುತ್ತಿದೆ, ಒಂದು ಮಾತ್ರ ತಣ್ಣಗಿದ್ದರೆ ಅದು ಕೆಲಸವನ್ನೇ ಮಾಡುತ್ತಿಲ್ಲ. ನೂರು ಕಿಲೋಮೀಟರಿನ ಬಳಿಕ ಚಕ್ರದ ನಟ್ಟು, ಸ್ಪ್ರಿಂಗಿನ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ. ಐನೂರಕ್ಕೆ ಎಂಜಿನ್ ಎಣ್ಣೆ ಬದಲಿಸಿ. ಹೊಸ ಎಣ್ಣೆ ಹಳೆಯ ಕಿಟ್ಟವನ್ನು ಕರಗಿಸಿಕೊಂಡು ಬರುವುದರಿಂದ ಅಷ್ಟರಲ್ಲೇ ಅದು ಕಪ್ಪಾಗಿರುತ್ತದೆ.

ಮಳೆಗಾಲಕ್ಕೆ ನಿಲ್ಲಿಸುವಾಗ

ಜೂನ್ ಬಂದಾಗ ಟಾರ್ಪಾಲನ್ನು ಜೀಪಿನ ಮೈಗೆ ತಾಗುವಂತೆ ಹೊದಿಸಬೇಡಿ, ಗಾಳಿಯಾಡುವಂತೆ ಮೇಲೆ ಕಟ್ಟಿ. ನೆಲದ ರಬ್ಬರ್ ಮ್ಯಾಟುಗಳನ್ನು ತೆಗೆದಿಡಿ; ನಮ್ಮ ಜೀಪಿನ ತಗಡು ತೂತಾದದ್ದು ಮೇಲೆ ಬಿದ್ದ ಮಳೆಯಿಂದಲ್ಲ, ಮ್ಯಾಟಿನಡಿ ಉಳಿದ ತೇವದಿಂದ. ಹ್ಯಾಂಡ್ ಬ್ರೇಕ್ ಎಳೆದಿಡದೆ ಚಕ್ರಗಳಿಗೆ ಅಡ್ಡೆ ಕೊಡಿ, ಎಳೆದಿಟ್ಟರೆ ಲೈನರ್ ಡ್ರಮ್ಮಿಗೆ ಅಂಟುತ್ತದೆ. ಕ್ಲಚ್ ಪೆಡಲನ್ನು ಒತ್ತಿದ ಸ್ಥಿತಿಯಲ್ಲಿ ಸೀಟಿಗೆ ಒಂದು ರೀಪರ್ ಆನಿಸಿ ನಿಲ್ಲಿಸಿ, ಪ್ಲೇಟ್ ಅಂಟುವುದಿಲ್ಲ. ಎರಡು ವಾರಕ್ಕೊಮ್ಮೆ ಆ ರೀಪರ್ ತೆಗೆದು, ಸ್ಟಾರ್ಟ್ ಮಾಡಿ, ರೇಡಿಯೇಟರ್ ಬಿಸಿಯಾಗುವ ತನಕ ಓಡಲು ಬಿಡಿ. ಎರಡು ನಿಮಿಷ ಓಡಿಸಿ ನಿಲ್ಲಿಸಿದರೆ ಸೈಲೆನ್ಸರಿನಲ್ಲಿ ನೀರು ಕಟ್ಟುವುದಷ್ಟೇ ಫಲ. ಸೈಲೆನ್ಸರಿನ ಬಾಯಿಗೆ ಒಂದು ಡಬ್ಬಿ ಮುಚ್ಚಿಡಿ, ಇಲಿಗಳಿಗೂ ಕಣಜಕ್ಕೂ. ಸ್ಟಾರ್ಟ್ ಮಾಡುವ ಮೊದಲು ಅದನ್ನು ತೆಗೆಯಲು ನೆನಪಾಗುವಂತೆ ಡಬ್ಬಿಯ ದಾರವನ್ನು ಸ್ಟೀರಿಂಗಿನ ತನಕ ಎಳೆದು ಕಟ್ಟಿ.